ಕೈ ತೊಳೆಸಲು ಕಡಲು ದಾಟಿದ್ದು

ಗಬ್ಬೂರು

ಕೈ ತೊಳೆಯುವುದು ಹೇಗೆಂದು ಹೇಳಿಕೊಡಲು ನಾನು ಫಿಲಿಪ್ಪೀನ್ಸ್ ದೇಶಕ್ಕೆ ಹೊರಟಿದ್ದೇನೆ ಎಂಬ ಸುದ್ದಿಯನ್ನು ಹುಬ್ಬಳ್ಳಿ ಅಂಚಿನ ನಮ್ಮ ಓಣಿ ಮೊದಲು ನಂಬಲಿಲ್ಲ, ನಂಬಿದ ಮೇಲೆ ಗೌರವಿಸಲಿಲ್ಲ. ಪಕ್ಕದ ಮನೆಯ ನೀಲವ್ವ ಕಾಕು ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದವರು ಅಲ್ಲಿಂದಲೇ ಕೇಳಿದರು.

"ಅಲ್ಲವ್ವಾ ಮೆಹರು, ಆ ದೇಶದಾಗ ಮಂದಿಗೆ ಕೈ ತೊಳ್ಕೊಳ್ಳಾಕ ಬರೂದಿಲ್ಲೇನ? ನೀ ವಿಮಾನ ಹತ್ತಿ ಹೋಗಿ ತೊಳಸಬೇಕೇನ?"

"ತೊಳಸೂದು ನಾ ಅಲ್ಲ ಕಾಕು, ನನ್ನ ಚಿತ್ರದ ಪುಸ್ತಕ."

"ಹಂಗಾದ್ರ ಪುಸ್ತಕಾನ ಟಪಾಲಿನ್ಯಾಗ ಕಳಸಿದ್ರ ಆಗ್ತಿತ್ತಲ್ಲ," ಎಂದು ಅವರು ಹಪ್ಪಳ ತಿರುವಿ ಹಾಕಿದರು. ಇಡೀ ಪ್ರವಾಸದಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತ ಮಾತು ಅದೇ ಇರಬೇಕು.

ನಾನು ಹತ್ತಿರದ ಶಿರಗುಪ್ಪಿಯ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಅಬ್ಬಾ ಬೈಪಾಸ್ ರಸ್ತೆಯ ಬದಿಗೆ ಲಾರಿಗಳಿಗೂ ಅಂಗಡಿಗಳಿಗೂ ಬೋರ್ಡು ಬರೆಯುವ ಪೇಂಟರ್ ಆಗಿದ್ದರು. ಅವರಿಂದ ನನಗೆ ಬಂದ ಆಸ್ತಿ ಎಂದರೆ ಕುಂಚ ಹಿಡಿಯುವ ಕೈ ಮತ್ತು ಯಾರ ಮಾತಿಗೂ ಬಗ್ಗದ ನಾಲಿಗೆ. ಕೈ ತೊಳೆಯದೆ ಬಿಸಿಯೂಟಕ್ಕೆ ಕೂರುವ ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿ ‘ಪುಟ್ಟಿ ಮತ್ತು ಕ್ರಿಮಿರಾಯ’ ಎಂಬ ಚಿತ್ರಕಥೆ ಬರೆದೆ. ಧಾರವಾಡದ ಒಂದು ಸಂಸ್ಥೆ ಅದನ್ನು ನೋಡಿ, ದೇಶ ವಿದೇಶಗಳಲ್ಲಿ ಮಕ್ಕಳ ಕೈ ತೊಳೆಸುವುದನ್ನೇ ಕಸುಬಾಗಿಸಿಕೊಂಡ ಒಂದು ದೊಡ್ಡ ಕಚೇರಿಗೆ ಕಳಿಸಿತು. ಆ ಕಚೇರಿಯವರು ಕರೆದರು.

ಕರೆದದ್ದು ಸನ್ಮಾನಕ್ಕಲ್ಲ, ಪರೀಕ್ಷೆಗೆ. ಅಲ್ಲಿನ ಒಂದು ಶಾಲೆಯ ಮಕ್ಕಳು ನನ್ನ ಪುಸ್ತಕ ಓದಬೇಕು. ಓದಿದ ಮೇಲೆ ಯಾರೂ ಹೇಳದೆ, ತಿಂಡಿಗೆ ಮುಂಚೆ ತಾವಾಗಿ ಕೈ ತೊಳೆಯಬೇಕು. ತೊಳೆದರೆ ಪುಸ್ತಕ ಅಚ್ಚಾಗಿ ನಮ್ಮ ಹುಬ್ಬಳ್ಳಿ ಧಾರವಾಡದ ಶಾಲೆಗಳಿಗೆ ಬರುತ್ತದೆ. ತೊಳೆಯದಿದ್ದರೆ ಅದರ ಬದಲು ಕಚೇರಿಯವರೇ ತಯಾರಿಸಿಟ್ಟ ‘ಸೋಪ್ ಸರದಾರ’ ಕನ್ನಡಕ್ಕೆ ಅನುವಾದವಾಗಿ ಬರುತ್ತಾನೆ. ಅವನನ್ನು ನಾನು ನೋಡಿದ್ದೆ. ಬಂಗಾರದ ಕೂದಲು, ಬೆನ್ನಿಗೆ ಹಾರುವ ನೀಲಿ ಬಟ್ಟೆ, ಮುಂದೆ ಅಮೃತಶಿಲೆಯ ಬೇಸಿನ್ನು, ನಳದಲ್ಲಿ ಜೋಗದಂತೆ ನೀರು. ಶಿರಗುಪ್ಪಿಯ ನಮ್ಮ ಮಕ್ಕಳು ಅವನನ್ನು ನೋಡಿ ಕೈ ತೊಳೆಯುವುದಿಲ್ಲ, ಕೈ ಮುಗಿಯುತ್ತಾರೆ ಅಷ್ಟೆ. ಈ ಸರದಾರ ನಮ್ಮೂರಿಗೆ ಕಾಲಿಡಬಾರದು ಎಂಬ ಒಂದೇ ಹಟದಿಂದ ನಾನು ಪಾಸ್‌ಪೋರ್ಟ್ ಮಾಡಿಸಿದೆ.

ಜೊತೆಗೆ ಸಂಸ್ಥೆಯ ಪರವಾಗಿ ಪಾಟೀಲ ಸರ್ ಬಂದರು. ನಿವೃತ್ತ ಮುಖ್ಯೋಪಾಧ್ಯಾಯರು, ಬೆಳ್ಳಗಿನ ತಲೆ, ಪ್ರತಿ ಮಾತಿಗೂ "ವಿಜ್ಞಾನ ಏನ್ ಹೇಳ್ತೈತಿ ಅಂದ್ರ" ಎಂದು ಶುರು ಮಾಡುವವರು. ವಿಜ್ಞಾನ ಅವರಿಗೆ ಇಷ್ಟೆಲ್ಲ ಯಾವಾಗ ಹೇಳಿತೋ ನನಗೆ ಗೊತ್ತಿಲ್ಲ.

ಮನಿಲಾ

ವಿಮಾನ ನಮ್ಮನ್ನು ತಲುಪಿಸಿತು, ನಮ್ಮ ದೊಡ್ಡ ಚೀಲವನ್ನು ತಲುಪಿಸಲಿಲ್ಲ. ಅದರಲ್ಲಿ ಮಕ್ಕಳಿಗೆ ಹಂಚಲು ತಂದ ಸೋಪುಗಳಿದ್ದವು, ಕ್ರಿಮಿ ಕೊಲ್ಲಲು ಪಾಟೀಲ ಸರ್ ಕೈಗೆ ಹಚ್ಚಿಕೊಳ್ಳುವ ಔಷಧಿಯ ಬಾಟಲಿಗಳಿದ್ದವು. ದೂರು ಬರೆದುಕೊಳ್ಳುವ ಹುಡುಗಿ ಬಹಳ ಸೌಜನ್ಯದಿಂದ ಕೇಳಿದಳು.

"ಚೀಲದಲ್ಲಿ ಏನಿತ್ತು?"

"ಸೋಪು," ಎಂದೆ.

"ಮತ್ತೆ?"

"ಸೋಪು."

ಅವಳು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. ಎರಡು ದೇಶ ದಾಟಿ ಬಂದವರ ಮುಖ, ಕೈ, ಅಂಗಿ ಎಲ್ಲವೂ ಅಂದು ಸೋಪಿನ ಅಗತ್ಯವನ್ನು ತಾವೇ ಸಾರಿ ಹೇಳುತ್ತಿದ್ದವು. ಪಾಪ, ಅವಳಿಗೆ ಅನುಮಾನ ಬರಲಿಲ್ಲ, ಮರುಕ ಬಂತು.

ನಮ್ಮನ್ನು ಕರೆದುಕೊಂಡು ಹೋಗಲು ಟೆಸ್ ಎಂಬ ಶಿಕ್ಷಕಿ ಬಂದಿದ್ದರು. ಪರೀಕ್ಷೆ ನಡೆಯುವುದು ಅವರ ಶಾಲೆಯಲ್ಲೇ. ಅವರು ಕೇಳಿದ ಮೊದಲ ಪ್ರಶ್ನೆ ಊಟ ಆಯಿತೇ ಎಂಬುದು. ನಮ್ಮೂರಲ್ಲೂ ಹೀಗೆ ಕೇಳುತ್ತಾರೆ, ಆದರೆ ಆಯಿತು ಎಂದರೆ ಬಿಟ್ಟುಬಿಡುತ್ತಾರೆ. ಇಲ್ಲಿ ಆಯಿತು ಎಂದರೂ ತಿನ್ನಿಸುತ್ತಾರೆ. ಬೆಳಗಿನ ತಿಂಡಿ, ಊಟ, ರಾತ್ರಿಯೂಟ ಎಂಬ ಮೂರರ ನಡುವೆ ಸಿಕ್ಕ ಸಂದಿಗೊಂದಿಗಳನ್ನೆಲ್ಲ ಅವರು ‘ಮೆರಿಯೆಂದಾ’ ಎಂಬ ಉಪಾಹಾರದಿಂದ ಮುಚ್ಚಿದ್ದಾರೆ. ಇಷ್ಟು ಸಲ ತಿನ್ನುವ ದೇಶದಲ್ಲಿ ತಿನ್ನುವ ಮುಂಚೆ ಕೈ ತೊಳೆಯುವುದೆಂದರೆ ದಿನವೆಲ್ಲ ಅದೇ ಕೆಲಸ.

ಆದರೆ ತಿನ್ನುವುದು ಏನನ್ನು? ನನಗೆ ಹಂದಿ ಆಗದು, ಪಾಟೀಲ ಸರ್ ಲಿಂಗವಂತರು, ಅವರಿಗೆ ಏನೂ ಆಗದು. "ಬರೀ ತರಕಾರಿ" ಎಂದು ಒತ್ತಿ ಒತ್ತಿ ಹೇಳಿದ ಮೇಲೆ ಬಂದ ಪಲ್ಯದಲ್ಲಿ ಸಿಗಡಿಗಳು ಕಣ್ಣು ಬಿಟ್ಟು ನೋಡುತ್ತಿದ್ದವು. ಹೋಟೆಲಿನವರ ಲೆಕ್ಕದಲ್ಲಿ ಸಿಗಡಿ ರುಚಿಗೆ ಹಾಕುವ ವಸ್ತು, ಉಪ್ಪಿನ ಹಾಗೆ. ಸರ್ ತಟ್ಟೆಯನ್ನು ನನ್ನ ಕಡೆ ಸರಿಸಿ ಬಾಳೆಹಣ್ಣು ಸುಲಿದರು.

"ಟೀಚರ್, ನೀವರ ತಿನ್ರಿ. ನಮ್ಮ ದೇಶದ ಮರ್ಯಾದಿ ಪ್ರಶ್ನೆ."

ದೇಶಕ್ಕಾಗಿ ನಾನು ತಿಂದೆ. ಬಹಳ ರುಚಿಯಾಗಿತ್ತು.

ಜೀಪ್ನಿ

ಶಾಲೆ ಇರುವುದು ಮನಿಲಾದಿಂದ ದಕ್ಷಿಣಕ್ಕೆ, ಒಂದು ದೊಡ್ಡ ಸರೋವರದ ದಂಡೆಯ ಊರಲ್ಲಿ. ಒಳಗಿನ ದಾರಿಗೆ ಜೀಪ್ನಿ ಹತ್ತಿದೆವು. ನಮ್ಮ ಟಂಟಂ ಗಾಡಿಯ ಶ್ರೀಮಂತ ಅಣ್ಣ ಅನ್ನಬಹುದಾದ ಈ ಉದ್ದನೆಯ ಜೀಪಿಗೆ ಮೈತುಂಬ ಚಿತ್ರ. ಅಬ್ಬಾ ನೋಡಿದ್ದರೆ ಇಳಿಯುತ್ತಲೇ ಇರಲಿಲ್ಲ.

ಇಲ್ಲಿ ಕಂಡಕ್ಟರ್ ಇಲ್ಲ. ಹಿಂದೆ ಕೂತವರು ದುಡ್ಡನ್ನು ಪಕ್ಕದವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ಸಾಗಿ ಡ್ರೈವರನ ಕೈ ಸೇರುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಒಬ್ಬರೂ ಒಂದು ನಾಣ್ಯ ಜೇಬಿಗಿಳಿಸುವುದಿಲ್ಲ. ಇಂಥ ವ್ಯವಸ್ಥೆ ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದಿಂದ ಹೊರಡುವ ಗಾಡಿಯಲ್ಲಿ ನಡೆದೀತೇ ಎಂದು ಯೋಚಿಸಿ ನಾಚಿಕೊಂಡೆ. ನಾನು ಕೂತದ್ದು ಡ್ರೈವರನ ಬೆನ್ನಿಗೆ. ಅಂದರೆ ಇಡೀ ಗಾಡಿಯ ದುಡ್ಡು ನನ್ನ ಅಂಗೈ ಮೂಲಕವೇ ಹೋಗಬೇಕು. ಮೀನು ಮಾರುವವಳ ಒದ್ದೆ ನಾಣ್ಯ, ಸೀನಿದವನ ನೋಟು, ಮಗುವಿನ ಬಾಯಲ್ಲಿದ್ದು ಹೊರಬಂದದ್ದು, ಎಲ್ಲವೂ. ಕೈ ಸ್ವಚ್ಛತೆಯ ವಿಷಯ ತಜ್ಞೆ ಒಂದು ಗಂಟೆಯಲ್ಲಿ ಊರಿಗೆ ಊರನ್ನೇ ಮುಟ್ಟಿದಳು. ಅಷ್ಟರಲ್ಲಿ ಪಕ್ಕದ ಹೆಂಗಸು ಬಾಳೆಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿ ತಿಂಡಿ ನನ್ನ ಕೈಗಿಟ್ಟು ತಿನ್ನು ಎಂದು ಸನ್ನೆ ಮಾಡಿದಳು. ಬೇಡ ಅನ್ನಲು ಬಾಯಿ ಬರಲಿಲ್ಲ. ಪಾಟೀಲ ಸರ್ ಎದುರಿನಿಂದ ನೋಡುತ್ತಲೇ ಇದ್ದರು.

"ವಿಜ್ಞಾನ ಏನ್ ಹೇಳ್ತೈತಿ ಅಂದ್ರ," ಎಂದು ಅವರು ಶುರು ಮಾಡುವ ಮೊದಲೇ ನುಂಗಿಬಿಟ್ಟೆ.

ಶಾಲೆ

ಮಕ್ಕಳು ಸಾಲಾಗಿ ಬಂದು ಸ್ವಾಗತಿಸಿದರು. ಹಿರಿಯರನ್ನು ಕಂಡರೆ ಅವರ ಕೈ ಎತ್ತಿ ಹಣೆಗೆ ಒತ್ತಿಕೊಳ್ಳುವುದು ಇಲ್ಲಿನ ಪದ್ಧತಿ. ಬಿಳಿತಲೆಯ ಪಾಟೀಲ ಸರ್ ಕಂಡದ್ದೇ ತಡ, ಒಬ್ಬೊಬ್ಬರಾಗಿ ಅವರ ಕೈ ಹಿಡಿದು ಹಣೆಗೆ ಒತ್ತಿದರು. ಆಡಿ ಬೆವತ ಹಣೆಗಳು. ಕೊನೆಗೆ ಸರ್ ತಮ್ಮ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತರು.

ಶಾಲೆಯ ಅಂಗಳದಲ್ಲಿ ಸಾಲು ನಳಗಳಿದ್ದವು. ತಿರುವಿದೆ. ಗಾಳಿ ಬಂತು. ಹುಬ್ಬಳ್ಳಿಯವಳಿಗೆ ತವರಿಗೆ ಬಂದಂತಾಯಿತು. ಪಕ್ಕದಲ್ಲಿ ನೀರು ತುಂಬಿದ ನೀಲಿ ಡ್ರಮ್ಮು, ಅದರ ಮೇಲೆ ಉದ್ದ ಹಿಡಿಕೆಯ ಪ್ಲಾಸ್ಟಿಕ್ ಮಗ್ಗು. ಅದಕ್ಕೆ ‘ತಾಬೊ’ ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಡ್ರಮ್ಮಿನ ಮೇಲೆ ತಂಬಿಗೆ ಇರುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಪುಸ್ತಕದಲ್ಲಿ ಮಾತ್ರ ಪುಟ್ಟಿ ನಳ ತಿರುವಿ ಕೈ ತೊಳೆಯುತ್ತಾಳೆ. ಹರಿಯುವ ನೀರನ್ನೇ ತೋರಿಸಬೇಕು ಎಂದು ಕಚೇರಿಯಿಂದ ಆಜ್ಞೆಯಾಗಿತ್ತು. ಚಿತ್ರದಲ್ಲಿ ಹರಿಸುವುದಕ್ಕೆ ಏನು ಖರ್ಚು, ಹರಿಸಿದ್ದೆ.

ಮಧ್ಯಾಹ್ನ ಪರೀಕ್ಷೆ. ಆಟದಿಂದ ಓಡಿ ಬಂದ ಮಕ್ಕಳ ಕೈಗೆ ಪುಸ್ತಕ ಕೊಟ್ಟರು. ಮಾತುಗಳನ್ನು ಟೆಸ್ ಮೊದಲೇ ತಮ್ಮ ಭಾಷೆಗೆ ಮಾಡಿಟ್ಟಿದ್ದರು. ಕ್ರಿಮಿರಾಯ ಉಗುರಿನೊಳಗೆ ಹಾಸಿಗೆ ಹಾಸಿ ಮಲಗುವ ಚಿತ್ರಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಯ ಚಿತ್ರದಲ್ಲಿ ಪುಟ್ಟಿ ಆಟ ಬಿಟ್ಟು ಓಡಿ ಬಂದು, ಬೆವರು ಸುರಿಸುತ್ತಲೇ ನಳದಡಿ ಕೈ ಹಿಡಿಯುತ್ತಾಳೆ. ಓದಿ ಮುಗಿಸಿದ ಮಕ್ಕಳು ಎದ್ದು ನೇರ ಡ್ರಮ್ಮಿನ ಕಡೆಗೇ ಓಡಿದರು. ನನ್ನ ಎದೆ ಹಿಗ್ಗಿತು. ಸರದಾರ ಸತ್ತ ಎಂದುಕೊಂಡೆ.

ಆಗ ಬಾದಾಮಿ ಮರದ ಕೆಳಗಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಮೊಮ್ಮಗಳನ್ನು ಶಾಲೆಗೆ ಬಿಟ್ಟು, ಶಾಲೆ ಬಿಡುವವರೆಗೂ ಅಲ್ಲೇ ಕೂತಿರುವ ಅಜ್ಜಿ. ಅವಳು ಡ್ರಮ್ಮಿನ ಮೇಲೆ ಎರಡೂ ಕೈ ಊರಿ ನಿಂತು ಏನೋ ಗದರಿದಳು. ಮಕ್ಕಳು ಹಿಂದೆ ಬಂದು, ಆಡಿದ ಕೈಯಲ್ಲೇ ಬಿಸ್ಕೀಟು ತಿಂದರು. ಕಚೇರಿಯಿಂದ ಬಂದಿದ್ದ ಮೇಡಂ ನನ್ನನ್ನು ನೋಡಿ ಮುಗುಳ್ನಕ್ಕರು. ಆ ನಗುವಿನಲ್ಲಿ ನನಗೆ ಸರದಾರನ ಬಂಗಾರದ ಕೂದಲು ಕಂಡಿತು.

"ಪಾಸ್ಮಾ," ಎಂದರು ಟೆಸ್, ನಾಚುತ್ತ. ಬಿಸಿಯಾದ, ದಣಿದ ಕೈಗೆ ತಣ್ಣೀರು ತಾಗಿದರೆ ನರ ಉಬ್ಬುತ್ತವೆ, ಕೈ ನಡುಗುತ್ತದೆ ಎಂಬ ನಂಬಿಕೆಯಂತೆ. ಆಡಿ ಬಂದ ಕೂಡಲೇ ತೊಳೆಯಬಾರದು, ಬಹಳ ಬರೆದ ಮೇಲೂ ತೊಳೆಯಬಾರದು, ಇಸ್ತ್ರಿ ಮಾಡಿದ ಮೇಲಂತೂ ನೀರು ಮುಟ್ಟಲೇಬಾರದು.

"ನೀವು ಇದನ್ನ ನಂಬುತ್ತೀರಾ?" ಎಂದು ಕೇಳಿದೆ.

"ಛೆ, ಇಲ್ಲ. ನಾನು ವಿಜ್ಞಾನ ಕಲಿಸುವವಳು. ಆದರೆ ಇಸ್ತ್ರಿ ಮಾಡಿದ ದಿನ ನಾನೂ ಕೈ ತೊಳೆಯುವುದಿಲ್ಲ."

ಇದು ನನಗೆ ಪೂರ್ತಿ ಅರ್ಥವಾಯಿತು. ಅಬ್ಬಾನ ಹತ್ತಿರ ಬೋರ್ಡು ಬರೆಸಿಕೊಂಡ ಒಬ್ಬ ಲಾರಿ ಮಾಲಕರೂ ನಿಂಬೆಹಣ್ಣು ಕಟ್ಟದೆ ಗಾಡಿ ಹೊರಡಿಸಿದ್ದಿಲ್ಲ, ಮತ್ತು ಅವರಲ್ಲಿ ಒಬ್ಬರೂ ಅದನ್ನು ನಂಬುತ್ತಿರಲಿಲ್ಲ.

ಪಾಟೀಲ ಸರ್ ಹೋಗಿ ಅಜ್ಜಿಗೆ ನರಮಂಡಲದ ಬಗ್ಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಅಜ್ಜಿ ಶ್ರದ್ಧೆಯಿಂದ ಕೇಳಿ, ಕೊನೆಗೆ ಅವರ ಬೆನ್ನು ಬೆವತದ್ದನ್ನು ನೋಡಿ, ಕಾಲರಿನೊಳಗೆ ಒಂದು ಸಣ್ಣ ಟವೆಲು ತುರುಕಿ ಕಳಿಸಿದಳು. ಇಲ್ಲಿ ಬೆವತ ಮಕ್ಕಳಿಗೆಲ್ಲ ಹಾಗೆ ಮಾಡುತ್ತಾರಂತೆ. ಸರ್ ಆ ದಿನವೆಲ್ಲ ಅದನ್ನು ತೆಗೆಯಲಿಲ್ಲ.

ಬಾದಾಮಿ ಮರ

ಮರುದಿನ ಮಧ್ಯಾಹ್ನ ಇನ್ನೊಂದು ಅವಕಾಶ ಕೊಟ್ಟರು, ಅದೇ ಕೊನೆಯದು. ಬೆಳಗ್ಗೆಯೇ ಶಾಲೆಯ ಜಗಲಿಯಲ್ಲಿ ಕೂತು ಹೊಸ ಪುಟ ಬರೆಯತೊಡಗಿದೆ. ಸಿಟ್ಟು ನೆತ್ತಿಗೇರಿತ್ತು. ಕನ್ನಡಕ ಹಾಕಿದ ವಿಜ್ಞಾನಿಯೊಬ್ಬ ಬಂದು ಮೂಢನಂಬಿಕೆಯನ್ನು ಕೋಲಿನಿಂದ ಹೊಡೆದೋಡಿಸುವ ಚಿತ್ರ. ಮೂಢನಂಬಿಕೆಗೆ ಆ ಅಜ್ಜಿಯ ಮೂಗನ್ನೇ ಇಟ್ಟೆ. ಪಾಟೀಲ ಸರ್ ಹಿಂದೆ ನಿಂತು ಮಾತು ಹೇಳುತ್ತಿದ್ದರು, ಮಾತು ಬರೆಯುವ ಒಂದು ಗುಳ್ಳೆಯಲ್ಲಿ ಹಿಡಿಸಲಾಗದಷ್ಟು. ಮುಗಿಸುವಷ್ಟರಲ್ಲಿ ಬೆರಳೆಲ್ಲ ಕಪ್ಪು ಮಸಿ. ತೊಳೆಯೋಣ ಎಂದು ಡ್ರಮ್ಮಿನ ಹತ್ತಿರ ಹೋಗಿ ತಾಬೊ ಎತ್ತಿದೆ.

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಬರೆದ ಕೈ, ಬಿಸಿ ಕೈ. ಎಳೆದುಕೊಂಡು ಹೋಗಿ ಮರದಡಿಯ ಬೆಂಚಿನ ಮೇಲೆ ಕೂರಿಸಿದಳು. ನಾನು ಎದ್ದರೆ ಮತ್ತೆ ಕೂರಿಸುತ್ತಾಳೆ. ಭಾಷೆ ಬರದವರ ಹತ್ತಿರ ಜಗಳ ಆಡುವುದು ಹೇಗೆ? ಕೂತೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ನೀವಿದಳು, ಮಸಿ ತನ್ನ ಕೈಗೂ ಹತ್ತಿತು. ಸ್ವಲ್ಪ ಹೊತ್ತಾದ ಮೇಲೆ ತಾನೇ ನೀರು ತುಂಬಿ ತಂದು, ಸೋಪು ಕೊಟ್ಟು, ನನ್ನ ಕೈ ಮೇಲೆ ಸಣ್ಣಗೆ ಧಾರೆ ಬಿಟ್ಟಳು. ಸೋಪು ಹೋಗಿದೆಯೇ ಎಂದು ಅಂಗೈ ಮಗುಚಿ ನೋಡಿ ಇನ್ನೊಮ್ಮೆ ಹೊಯ್ದಳು.

ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ದಾದಿ, ಅಂದರೆ ಅಬ್ಬಾನ ತಾಯಿ, ಹೀಗೆಯೇ ಗಿಂಡಿಯಂಥ ಕೊಂಬಿನ ಲೋಟಾ ಹಿಡಿದು ಎಲ್ಲರ ಕೈಗೂ ನೀರು ಹಾಕುತ್ತಿದ್ದರು. ಒಬ್ಬರು ಹಾಕಬೇಕು, ಒಬ್ಬರು ತೊಳೆಯಬೇಕು. ದಾದಿ ಹೋದ ಮೇಲೆ ನನ್ನ ಕೈಗೆ ಯಾರೂ ನೀರು ಹಾಕಿರಲಿಲ್ಲ. ಬೆಂಚಿನ ಮೇಲೆ ಕೂತು ನಾನು ಅತ್ತೆ. ಅಜ್ಜಿ ಇದು ಪಾಸ್ಮಾದ ಲಕ್ಷಣವೇ ಎಂಬಂತೆ ತಲೆಯಾಡಿಸಿದಳು.

ವಿಜ್ಞಾನಿಯನ್ನು ಹರಿದು ಹಾಕಿದೆ. ಪಾಟೀಲ ಸರ್ ಅವರಿಗೆ ಬೇಸರವಾಯಿತು, ಅವರ ಮಾತೆಲ್ಲ ಅದರಲ್ಲೇ ಇತ್ತು. ಹೊಸ ಪುಟದಲ್ಲಿ ಪುಟ್ಟಿ ಆಟದಿಂದ ಓಡಿ ಬರುತ್ತಾಳೆ, ಅಜ್ಜಿ ಅವಳನ್ನು ಹಿಡಿದು ಕೂರಿಸುತ್ತಾಳೆ, ಬೆನ್ನು ಒರೆಸುತ್ತಾಳೆ, ಆಮೇಲೆ ನೀರು ಹಾಕುತ್ತಾಳೆ. ಕೂರಿಸಿದ್ದು ಯಾಕೆಂದು ಒಂದು ಅಕ್ಷರ ಬರೆಯಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಅಜ್ಜಿಗೆ ತೋರಿಸಿದಾಗ ಒಂದೇ ಒಂದು ತಕರಾರು ಬಂತು, ಟೆಸ್ ಅದನ್ನು ತಿಳಿಸಿದರು. ಚಿತ್ರದಲ್ಲಿ ಕೂದಲು ತೆಳ್ಳಗಾಗಿದೆ. ದಟ್ಟ ಮಾಡಿಕೊಟ್ಟೆ.

ಮಧ್ಯಾಹ್ನ ಮಕ್ಕಳು ಓದಿದರು. ಓದಿ, ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂತರು. ಪುಸ್ತಕದಲ್ಲಿ ತನ್ನ ಚಿತ್ರ ಬಂದ ಮೇಲೆ ಅಜ್ಜಿ ಸುಮ್ಮನಿರುವಂತಿರಲಿಲ್ಲ. ತಾಬೊ ಹಿಡಿದು ಎದ್ದಳು. ಒಂದು ಕೈಯನ್ನೂ ಬಿಡಲಿಲ್ಲ.

ಎ.ಸಿ. ಕೋಣೆ

ತೀರ್ಪು ಹೇಳುವ ಕೋಣೆ ಎಷ್ಟು ತಣ್ಣಗಿತ್ತೆಂದರೆ ಅಲ್ಲಿ ಯಾವ ಕ್ರಿಮಿಯೂ ಬದುಕುವಂತಿರಲಿಲ್ಲ. ಕಚೇರಿಯ ಮೇಡಂ ಬಹಳ ಹೊಗಳಿದರು. ಹೊಗಳಿಕೆ ಇಷ್ಟು ಉದ್ದವಾದರೆ ಬಾಲದಲ್ಲಿ ಚೇಳು ಇರುತ್ತದೆ ಎಂದು ನನಗೆ ಗೊತ್ತು.

"ಒಂದೇ ಬದಲಾವಣೆ. ಮಗು ಸ್ವಾವಲಂಬಿಯಾಗಿ ಕೈ ತೊಳೆಯಬೇಕು, ಇದು ನಮ್ಮ ನೀತಿ. ಹಾಗಾಗಿ ಆ ಮುದುಕಿಯನ್ನು ತೆಗೆದುಬಿಡಿ. ಇಲ್ಲದಿದ್ದರೆ ನಮ್ಮ ಹಳೆಯ ಪುಸ್ತಕವನ್ನೇ ನಿಮ್ಮಲ್ಲಿಗೆ ಕಳಿಸಬೇಕಾಗುತ್ತದೆ."

ನಾನು ಚಿತ್ರದ ಅಜ್ಜಿಯನ್ನು ಅಂಗೈಯಿಂದ ಮುಚ್ಚಿ, ಉಳಿದ ಪುಟ ಹೇಗೆ ಕಾಣುತ್ತದೆ ಎಂದು ನೋಡಿದೆ. ಆಗ ಪಾಟೀಲ ಸರ್ ನನ್ನ ಕಡೆ ಬಾಗಿ ಕನ್ನಡದಲ್ಲಿ ಕೇಳಿದರು.

"ಟೀಚರ್, ಮುದುಕಿನ್ನ ತಗದ್ರ ನೀರ್ ಹಾಕಾವ್ರು ಯಾರ್ರಿ?"

"ಅದನ್ನ ಅವ್ರಿಗೇ ಕೇಳ್ರಿ ಸರ್," ಎಂದೆ.

ಕೇಳಿದರು. ಮೇಡಂ ನಕ್ಕು, ನಳ ಇದೆಯಲ್ಲ ಎಂದರು.

"ನಮ್ಮ ಊರಾಗ ನಳ ಐತಿ," ಎಂದು ಸರ್ ಗಾಬರಿಯಲ್ಲಿ ಕನ್ನಡದಲ್ಲೇ ಶುರು ಮಾಡಿ, ಆಮೇಲೆ ಇಂಗ್ಲಿಷಿಗೆ ಹೊರಳಿ, ನಳಕ್ಕೆ ನೀರು ಯಾವಾಗ ಬರುತ್ತದೆ, ಬಂದ ದಿನ ಊರು ಹೇಗೆ ಓಡಾಡುತ್ತದೆ, ಬಾರದ ದಿನಗಳು ಎಷ್ಟು, ಡ್ರಮ್ಮು ಎತ್ತರ, ಮಗು ಗಿಡ್ಡ, ಒಂದು ಕೈಯಲ್ಲಿ ತಂಬಿಗೆ ಹಿಡಿದರೆ ತೊಳೆಯಲು ಉಳಿಯುವುದು ಒಂದೇ ಕೈ ಎಂದೆಲ್ಲ ವಿವರಿಸಿದರು. ಒಮ್ಮೆಯೂ ವಿಜ್ಞಾನದ ಹೆಸರೆತ್ತಲಿಲ್ಲ. ಟೆಸ್ ಹುಬ್ಬು ಮೇಲೆತ್ತಿದರು. ಆ ದೇಶದಲ್ಲಿ ಅದರ ಅರ್ಥ ಹೌದು ಎಂದು. ಕೋಣೆಯಲ್ಲಿದ್ದ ಉಳಿದ ಶಿಕ್ಷಕರ ಹುಬ್ಬುಗಳೂ ಒಂದೊಂದಾಗಿ ಮೇಲೇರಿದವು.

ಕೊನೆಗೆ ಪುಸ್ತಕ ಪಾಸಾಯಿತು, "ನೀರಿನ ಕೊರತೆಯಿರುವ ಪ್ರದೇಶಗಳಿಗೆ ವಿಶೇಷ ಆವೃತ್ತಿ" ಎಂಬ ಹೆಸರಿನಲ್ಲಿ. ಹುಬ್ಬಳ್ಳಿಗೆ ಏನೋ ಒಂದು ವಿಶೇಷ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು. ಹೊರಗೆ ಬಂದ ಮೇಲೆ ಸರ್ ಅವರಿಗೆ ಥ್ಯಾಂಕ್ಸ್ ಹೇಳಿದೆ.

"ಥ್ಯಾಂಕ್ಸ್ ಇರ್ಲಿ, ಮೊದ್ಲ ಎಲ್ಲ್ಯಾರ ಬಾಳೆಹಣ್ಣು ಸಿಗ್ತಾವೇನ್ ನೋಡ್ರಿ," ಎಂದರು.

ಶಿರಗುಪ್ಪಿ

ಪುಸ್ತಕ ಅಚ್ಚಾಗಿ ಶಾಲೆಗೆ ಬಂತು. ಅಜ್ಜಿಗೆ ಇಳಕಲ್ ಸೀರೆ ಉಡಿಸಿದ್ದೆ, ಮೂಗು ಕೂದಲು ಅವೇ. ಮಕ್ಕಳು ಓದಿದರು, ದೊಡ್ಡವರು ಸಣ್ಣವರಿಗೆ ನೀರು ಹಾಕಲು ಸರದಿ ಹಚ್ಚಿದರು. ಎಲ್ಲ ಛಲೋ ನಡೆಯಿತು ಎಂದು ನಾನು ಹಿಗ್ಗುತ್ತಿರುವಾಗ ಒಂದು ವಿಷಯ ಗಮನಕ್ಕೆ ಬಂತು. ಊಟದ ಗಂಟೆ ಹೊಡೆದ ಮೇಲೆ ಯಾರೂ ನೇರ ಡ್ರಮ್ಮಿಗೆ ಹೋಗುತ್ತಿಲ್ಲ. ಕಟ್ಟೆಯ ಮೇಲೆ ಮೊಣಕಾಲಿಗೆ ಕೈಯಿಟ್ಟು ಕೂರುತ್ತಾರೆ.

"ಯಾಕ ಕುಂತೀರಿ?" ಎಂದು ಕೇಳಿದೆ.

"ಆಡಿ ಬಂದ ಕೈಗೆ ತಣ್ಣೀರ್ ಬಿದ್ರ ನರ ಹಿಡೀತಾವ್ರಿ ಟೀಚರ್," ಎಂದಳು ನಾಲ್ಕನೇ ತರಗತಿಯ ಹುಡುಗಿ. "ನಮ್ಮ ಆಯಿ ಹೇಳ್ಯಾಳ್ರಿ. ಅದಕ್ಕ ಪುಸ್ತಕದಾಗ ಮುದುಕಿ ಪುಟ್ಟಿನ್ನ ಕುಂದರಸ್ತಾಳಂತ್ರಿ."

ನಾನು ಬರೆಯದೆ ಬಿಟ್ಟ ಕಾರಣವನ್ನು ಶಿರಗುಪ್ಪಿಯ ಆಯಿಗಳು, ಅಂದರೆ ಅಜ್ಜಿಯರು, ತಾವೇ ತುಂಬಿಕೊಂಡಿದ್ದರು, ಅದೂ ಫಿಲಿಪ್ಪೀನ್ಸ್‌ನವರಿಗಿಂತ ವಿವರವಾಗಿ. ಇಷ್ಟು ವರ್ಷ ಈ ಊರಲ್ಲಿ ಇಲ್ಲದಿದ್ದ ಮೂಢನಂಬಿಕೆಯೊಂದನ್ನು ನಾನು ವಿಮಾನದಲ್ಲಿ ತಂದು, ಸರಕಾರಿ ಶಾಲೆಯ ಮೂಲಕ ಹಂಚಿದ್ದೆ. ಇದನ್ನು ಬಿಡಿಸಲು ಇನ್ನೊಂದು ಪುಸ್ತಕ ಬರೆಯಬೇಕೇ ಎಂದು ತಲೆ ಕೆಡಿಸಿಕೊಂಡು ಕೂತಿರುವಾಗಲೇ ತಪಾಸಣೆಯ ಸಾಹೇಬರು ಬಂದರು.

ಸಾಹೇಬರು ಬಿಸಿಯೂಟ ರುಚಿ ನೋಡುವುದು ಪದ್ಧತಿ. ಜೀಪಿನಿಂದ ಇಳಿದವರೇ ನೇರ ಅಡುಗೆ ಕೋಣೆಯ ಕಡೆ ಹೊರಟರು. ಅದೇ ಹುಡುಗಿ ಅಡ್ಡ ನಿಂತಳು.

"ಸರ್, ದಣದ್ ಬಂದೀರಿ. ಮೊದ್ಲ ಇಲ್ಲಿ ಕುಂದರ್ರಿ."

ಸಾಹೇಬರಿಗೆ ಇದು ಸ್ವಾಗತದ ಕ್ರಮ ಅನ್ನಿಸಿರಬೇಕು. ಕಟ್ಟೆಯ ಮೇಲೆ ಮಕ್ಕಳ ಸಾಲಿನಲ್ಲಿ ಕೂತರು. ಕೈ ತಣ್ಣಗಾಗಿದೆಯೇ ಎಂದು ಅವಳು ಮುಟ್ಟಿ ನೋಡಿದಳು, ಸೋಪು ಕೊಟ್ಟಳು, ತಂಬಿಗೆ ಎತ್ತಿ ನೀರು ಹಾಕಿದಳು. ಅವರು ಎರಡು ಬೆರಳು ತೋಯಿಸಿ ಏಳಲು ನೋಡಿದಾಗ ಇಡೀ ಸಾಲು ಅವರನ್ನೇ ನೋಡುತ್ತಿತ್ತು. ಮತ್ತೆ ಕೂತು, ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲ ತಿಕ್ಕಿದರು.

ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಸಾಹೇಬರೊಬ್ಬರು ಊಟಕ್ಕೆ ಮುಂಚೆ ಕೈ ತೊಳೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಇನ್ನೊಂದು ಪುಸ್ತಕ ಬರೆಯುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.